ಹಾಸನ ಸೀಮೆಯ ಕಲ್ಲುಗಳನ್ನು ಓದಿದವರು

ಕರ್ನಾಟಕದ ಚರಿತ್ರೆಯ ಯಾವ ದಪ್ಪ ಪುಸ್ತಕ ತೆಗೆದರೂ ಅಡಿಟಿಪ್ಪಣಿಯಲ್ಲಿ 'ಎ.ಕ. 5' ಎಂಬ ಗುರುತು ಕಾಣುತ್ತದೆ. ಪಕ್ಕದಲ್ಲಿ ಹಾಸನವೋ ಅರಕಲಗೂಡೋ ಹೊಳೆನರಸೀಪುರವೋ ಚನ್ನರಾಯಪಟ್ಟಣವೋ, ಒಂದು ತಾಲೂಕಿನ ಹೆಸರಿನ ಮೊದಲಕ್ಷರಗಳು, ಅದರ ಮುಂದೊಂದು ಸಂಖ್ಯೆ. ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ಅದು; ಹಾಸನ ಜಿಲ್ಲೆಯ ಶಾಸನಗಳದ್ದು. 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ನಮ್ಮ ಊರುಗಳ ದೇವಸ್ಥಾನದ ಹಿಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನೂರಾರು ವರ್ಷ ಹೆಸರಿಲ್ಲದೆ ನಿಂತಿದ್ದ ಕಲ್ಲುಗಳು ಒಟ್ಟಾಗಿ ನಂಬರು ಪಡೆದದ್ದು ಆಗಲೇ.

ನಾನು ಈ ತಾಲೂಕುಗಳ ಸರ್ಕಾರಿ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ಪಾಠದಲ್ಲಿ ಪ್ಲಾಸಿ, ಪಾಣಿಪತ್ತು, ಬಕ್ಸಾರ್ ಬರುತ್ತಿದ್ದವು. ಶಾಲೆಯ ಕಾಂಪೌಂಡಿಗೆ ಒರಗಿಸಿದ್ದ ವೀರಗಲ್ಲಿನ ಮೇಲೆ ಹುಡುಗರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದರು. ಸ್ವಾತಂತ್ರ್ಯ ಪಡೆದ ದೇಶ ತನ್ನ ಚರಿತ್ರೆಯನ್ನು ತಾನೇ ಬರೆದುಕೊಳ್ಳಬೇಕು ಎಂದು ಭಾಷಣ ಮಾಡುವವರಿಗೆ ಬರಗಾಲವಿಲ್ಲ. ನಮ್ಮ ಸೀಮೆಯಲ್ಲಿ ಆ ಬರವಣಿಗೆ ನಡೆದದ್ದು ಹೇಗೆ, ಶುರು ಮಾಡಿದವರು ಯಾರು, ತಿದ್ದಿದವರು ಯಾರು, ಬಿಟ್ಟುಹೋದದ್ದು ಏನು ಎಂದು ಕೇಳಿದರೆ ಮಾತ್ರ ಸಭೆ ಸುಮ್ಮನಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗಿನವರು ಬರೆದ ಪುಸ್ತಕದಲ್ಲಿ ಸೋತವರನ್ನು ಗೆದ್ದವರೆಂದು ತಿದ್ದಿಬಿಟ್ಟರೆ ಚರಿತ್ರೆ ನಮ್ಮದಾಗುವುದಿಲ್ಲ. ನಮ್ಮೂರ ಕಲ್ಲನ್ನೂ ಕಾಗದವನ್ನೂ ನಾವೇ ಓದಿ, ನಮಗೆ ಹಿಡಿಸದ ಸಾಲನ್ನೂ ಬಿಡದೆ ಬರೆದಾಗ ನಮ್ಮದಾಗುತ್ತದೆ.

ಮೊದಲು ರೈಸ್ ಸಾಹೇಬರ ವಿಷಯ. ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಬೆಂಗಳೂರಿನ ಸೆಂಟ್ರಲ್ ಸ್ಕೂಲಿನಲ್ಲಿ ಪಾಠ ಮಾಡಿ, ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದರು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರಲ್ಲಿ ತೆಗೆದಿದ್ದ ಶಾಸನಗಳ ಫೋಟೋಗಳನ್ನು ಓದುವ ಕೆಲಸ ಅವರ ಪಾಲಿಗೆ ಬಂತು. 1877ರಲ್ಲಿ ಮೈಸೂರು ಗೆಜೆಟಿಯರ್ ಬರೆದರು, 1879ರಲ್ಲಿ ಮೈಸೂರಿನ ಶಾಸನಗಳ ಮೊದಲ ಪುಸ್ತಕ ತಂದರು. 1885ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪುರಾತತ್ವದ ಕೆಲಸಕ್ಕೆ ಇಲಾಖೆ ಶುರುವಾದಾಗ ಅದರ ಮುಖ್ಯಸ್ಥರಾಗಿ 1906ರವರೆಗೆ ದುಡಿದರು. ಅಷ್ಟರೊಳಗೆ ಸುಮಾರು 9,000 ಶಾಸನಗಳು ಬೆಳಕಿಗೆ ಬಂದಿದ್ದವು. ಕನ್ನಡ ಲಿಪಿಯಲ್ಲಿ ಮೂಲಪಾಠ, ರೋಮನ್ ಅಕ್ಷರದಲ್ಲಿ ಅದೇ ಪಾಠ, ಇಂಗ್ಲಿಷಿನಲ್ಲಿ ಅನುವಾದ: ಹೀಗೆ ಮೂರು ಭಾಗ ಮಾಡಿ ಸಂಪುಟ ಕಟ್ಟಿದರು. ಒಬ್ಬ ಮನುಷ್ಯನ ಆಯುಸ್ಸಿಗೆ ಇದು ಸಣ್ಣ ಕೆಲಸವಲ್ಲ. ಅವರನ್ನು ಬೈದು ದೇಶಭಕ್ತರಾಗುವ ಅಗತ್ಯ ನಮಗಿಲ್ಲ.

ಆದರೆ ಮುಖಪುಟದ ಮೇಲೆ ಹೆಸರು ಅವರದೊಂದೇ. ಬಿಸಿಲಲ್ಲಿ ಕಲ್ಲು ತೊಳೆದು ಪಡಿಯಚ್ಚು ತೆಗೆದವರು, ಹಳಗನ್ನಡದ ಕಂದವನ್ನೂ ವೃತ್ತವನ್ನೂ ಬಿಡಿಸಿ ಅರ್ಥ ಹೇಳಿದ ಪಂಡಿತರು, ಕಲ್ಲು ಎಲ್ಲಿದೆ ಎಂದು ತೋರಿಸಿದ ಊರ ಶಾನುಭೋಗರು, ಪಟೇಲರು, ತಳವಾರರು ಓದುಗರ ಕಣ್ಣಿಗೆ ಬೀಳಲೇ ಇಲ್ಲ. ಇದಕ್ಕೂ ಹಿಂದೆ, ಟಿಪ್ಪು ಬಿದ್ದ 1799ರ ನಂತರ ಮೈಸೂರು ಸರ್ವೆಗೆ ಬಂದ ಕಾಲಿನ್ ಮೆಕೆಂಜಿ ಕೂಡ ಇದೇ ದಾರಿಯಲ್ಲಿ ನಡೆದವನು. ಅವನು ಕೂಡಿಸಿದ ಕೈಫಿಯತ್ತುಗಳ, ಅಂದರೆ ಊರೂರ ವೃತ್ತಾಂತಗಳ, ಹಿಂದೆ ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಅವರಂಥ ಸಹಾಯಕರಿದ್ದರು. ಮಲೆಯೂರಿನ ದೇವಚಂದ್ರ ಎಂಬ ಜೈನ ವಿದ್ವಾಂಸನೂ ಅವನಿಗೆ ನೆರವಾದವನೇ. ಇದೇ ದೇವಚಂದ್ರ 1838ರ ಸುಮಾರಿಗೆ ಕನ್ನಡದಲ್ಲಿ ರಾಜಾವಳಿ ಕಥೆ ಬರೆದ. ಆಳುವವರಿಗೆ ಊರಿನ ಕಂದಾಯ, ಇನಾಮು, ಜಾತಿ, ಮನೆತನಗಳ ಲೆಕ್ಕ ಬೇಕಿತ್ತು. ಆ ಲೆಕ್ಕದ ಜೊತೆಯಲ್ಲೇ ಚರಿತ್ರೆಯೂ ಸಂಗ್ರಹವಾಯಿತು. ಮಾಹಿತಿ ನಮ್ಮವರದು, ತೀರ್ಪು ಅವರದು ಎಂಬ ವ್ಯವಸ್ಥೆ ಅಲ್ಲಿಂದ ನಡೆದುಬಂತು.

ಈ ವ್ಯವಸ್ಥೆ ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ ಎದ್ದು ಕಾಣುತ್ತದೆ. ಚಿಕ್ಕಬೆಟ್ಟದ ಬಂಡೆಯ ಮೇಲೆ ಸುಮಾರು ಕ್ರಿ.ಶ. 600ರ ಒಂದು ಸಂಸ್ಕೃತ ಶಾಸನವಿದೆ. ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಕ್ಷಾಮ ಬರುತ್ತದೆಂದು ನುಡಿದರು, ಜೈನ ಸಂಘ ದಕ್ಷಿಣಕ್ಕೆ ಹೊರಟಿತು, ಪ್ರಭಾಚಂದ್ರ ಎಂಬ ಆಚಾರ್ಯರು ಕಟವಪ್ರದಲ್ಲಿ, ಅಂದರೆ ಇದೇ ಚಿಕ್ಕಬೆಟ್ಟದಲ್ಲಿ, ಸಮಾಧಿ ಹೊಂದಿದರು ಎಂಬುದು ಅದರ ಸಾರ. ರೈಸ್ 1889ರಲ್ಲಿ ಬೆಳಗೊಳದ ಸಂಪುಟ ತಂದಾಗ ಈ ಪ್ರಭಾಚಂದ್ರನೇ ಮೌರ್ಯ ಚಕ್ರವರ್ತಿ ಚಂದ್ರಗುಪ್ತ ಎಂದರು. ಅವರ ಬೆಂಬಲಕ್ಕಿದ್ದದ್ದು ನಮ್ಮ ದೇವಚಂದ್ರನ ರಾಜಾವಳಿ ಕಥೆ ಮತ್ತು ಜೈನ ಪರಂಪರೆ. ಮುಂಬಯಿ ಪ್ರಾಂತದ ಅಧಿಕಾರಿ ಫ್ಲೀಟ್ ಅದನ್ನು ಒಪ್ಪಲಿಲ್ಲ. ಶಾಸನದಲ್ಲಿ ಚಂದ್ರಗುಪ್ತನ ಹೆಸರೇ ಇಲ್ಲ, ಪ್ರಭಾಚಂದ್ರ ಬೇರೆಯವನು ಎಂದು ವಾದಿಸಿದ. ವಿನ್ಸೆಂಟ್ ಸ್ಮಿತ್ ಮೊದಲು ಅನುಮಾನಿಸಿ ಆಮೇಲೆ ಪರಂಪರೆಯ ಕಡೆಗೆ ಒಲಿದ. ಹೀಗೆ ಇಂಗ್ಲಿಷ್ ಅಧಿಕಾರಿಗಳು ನಮ್ಮ ಬೆಟ್ಟದ ಒಂದು ಕಲ್ಲಿನ ಮೇಲೆ ವರ್ಷಗಟ್ಟಲೆ ಕಾದಾಡಿದರು. ನಮ್ಮವರು ಗೆಲ್ಲುವ ಪಕ್ಷ ಯಾವುದೆಂದು ನೋಡುತ್ತ ಕೂತರು. ಮಗಧದ ಚಕ್ರವರ್ತಿ ಬಂದಿದ್ದರೆ ಬೆಳಗೊಳಕ್ಕೆ ಮರ್ಯಾದೆ, ಬಾರದಿದ್ದರೆ ಇಲ್ಲ ಎಂಬ ಭಾವನೆ ಎರಡೂ ಕಡೆ ಇತ್ತು.

1889ರ ಆ ಸಂಪುಟದಲ್ಲಿದ್ದ ಶಾಸನಗಳು 144. ರೈಸ್ ಅವರ ಕೈಕೆಳಗೆ ಸಹಾಯಕರಾಗಿದ್ದು ಆಮೇಲೆ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಅದೇ ಬೆಟ್ಟಗಳನ್ನು ಮತ್ತೆ ಹತ್ತಿದರು. ಅವರು ಪರಿಷ್ಕರಿಸಿದ ಸಂಪುಟ 1923ರಲ್ಲಿ ಬಂದಾಗ ಸಂಖ್ಯೆ 500 ಆಗಿತ್ತು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊಸ ಆವೃತ್ತಿ ತಂದಾಗ 573. ಈ ಮಧ್ಯೆ ಯಾರೂ ಬೆಟ್ಟದ ಮೇಲೆ ಹೊಸ ಶಾಸನ ಕೆತ್ತಿ ಇಟ್ಟಿರಲಿಲ್ಲ. ಮೊದಲ ಸಲ ನೋಡಿದವರು ಬಿಟ್ಟಿದ್ದನ್ನು ಆಮೇಲೆ ನೋಡಿದವರು ಓದಿದರು, ಅಷ್ಟೇ.

ಹೆಚ್ಚಿದ ಆ ಶಾಸನಗಳಲ್ಲಿ ದೊಡ್ಡ ರಾಜಪ್ರಶಸ್ತಿಗಳು ಕಡಿಮೆ. ಯಾತ್ರೆಗೆ ಬಂದವನೊಬ್ಬ ಬಂಡೆಯ ಮೇಲೆ ಕೊರೆದ ತನ್ನ ಹೆಸರು, ಒಂದೇ ಸಾಲಿನ ಬರಹ, ಸವೆದು ಅರ್ಧವಾದ ಅಕ್ಷರ: ಇಂಥವೇ ಬಹಳ. ರನ್ನನದೆಂದು ವಿದ್ವಾಂಸರು ಗುರುತಿಸುವ 'ಕವಿರತ್ನ' ಎಂಬ ರುಜುವೂ ಅಲ್ಲೇ ಇದೆ. ಚಿಕ್ಕಬೆಟ್ಟದ ಹಳೆಯ ಶಾಸನಗಳಲ್ಲಿ ಬಹುಪಾಲು ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ ಮುನಿಗಳ, ಕಂತಿಯರ, ಗೃಹಸ್ಥರ ನೆನಪಿನ ಕಲ್ಲುಗಳು. ಹೆಂಗಸರ ಹೆಸರುಗಳು ಅಲ್ಲಿವೆ, ಗುರು-ಶಿಷ್ಯ ಪರಂಪರೆ ಇದೆ, ಯಾವ ಊರಿಂದ ಬಂದವರೆಂಬ ವಿವರ ಇದೆ. ಚಕ್ರವರ್ತಿ ಬಂದನೋ ಇಲ್ಲವೋ ಎಂಬ ಜಗಳ ಮುಗಿಯುವ ತನಕ ಇವರನ್ನು ಕೇಳುವವರಿರಲಿಲ್ಲ. ಎಸ್. ಶೆಟ್ಟರ್ ಅವರು ಎಂಬತ್ತರ ದಶಕದಲ್ಲಿ ಇದೇ ಕಲ್ಲುಗಳನ್ನು ಇಟ್ಟುಕೊಂಡು ಸಾವನ್ನು ಜೈನರು ಹೇಗೆ ಎದುರುಗೊಂಡರು ಎಂಬ ಪುಸ್ತಕಗಳನ್ನೇ ಬರೆದರು.

ನರಸಿಂಹಾಚಾರ್ಯರ ಕೆಲಸದ ರೀತಿ ನೋಡಲು ಹಾಸನದಿಂದ ಬೇಲೂರು ರಸ್ತೆಯಲ್ಲಿ ದೊಡ್ಡಗದ್ದವಳ್ಳಿಗೆ ಹೋಗಬೇಕು. ಅಲ್ಲಿನ ಲಕ್ಷ್ಮೀದೇವಿ ಗುಡಿಯ ಮೇಲೆ ಅವರು 1919ರಲ್ಲಿ ಒಂದು ಪ್ರತ್ಯೇಕ ಪುಸ್ತಿಕೆ ಪ್ರಕಟಿಸಿದರು. ಹೊಯ್ಸಳರ ಆರಂಭದ ಗುಡಿಗಳಲ್ಲೊಂದು ಅದು. ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಹಾಸನ ತಾಲೂಕಿನದೇ ಕೋರಮಂಗಲದಲ್ಲಿ (ಬೆಂಗಳೂರಿನದಲ್ಲ, ನಮ್ಮದು) ಬೂಚೇಶ್ವರ ಗುಡಿಯಿದೆ. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ 1173ರಲ್ಲಿ ಮಂತ್ರಿ ಬೂಚಿರಾಜ ಕಟ್ಟಿಸಿದ್ದು. ಕನ್ನಡ ಸಂಸ್ಕೃತ ಎರಡರಲ್ಲೂ ಕವಿತೆ ಕಟ್ಟಬಲ್ಲವನೆಂದು ಶಾಸನ ಅವನನ್ನು ಹೊಗಳುತ್ತದೆ. ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1246ರದು, ಬೊಮ್ಮಣ್ಣ ದಂಡನಾಯಕನದು. ಅಲ್ಲಿ ಗೋಡೆಯ ಸುತ್ತ ನಿಧಾನವಾಗಿ ನಡೆದರೆ ವಿಗ್ರಹಗಳ ಪೀಠದಡಿ ಕೆತ್ತಿದವರ ಹೆಸರೇ ಸಿಗುತ್ತದೆ. ಒಂದು ಕಡೆ ಬೈಚೋಜನ ಕೆಲಸ, ಇನ್ನೊಂದು ಕಡೆ ಮಲ್ಲಿತಮ್ಮನದು.

ಈ ಗುಡಿಗಳ ವಾಸ್ತುವನ್ನು 1876ರ ತನ್ನ ಪುಸ್ತಕದಲ್ಲಿ ಜೇಮ್ಸ್ ಫರ್ಗುಸನ್ ಚಾಲುಕ್ಯ ಶೈಲಿ ಎಂದು ಕರೆದಿದ್ದ. ಹೊಯ್ಸಳ ಶೈಲಿ ಎಂಬ ಹೆಸರು ನೆಲೆಯಾದದ್ದು ಆಮೇಲೆ, ನಮ್ಮವರು ಒಂದೊಂದೇ ಗುಡಿಯ ಕಾಲ, ಕಟ್ಟಿಸಿದವರು, ಕೆತ್ತಿದವರ ಪಟ್ಟಿ ಮಾಡಿದ ಮೇಲೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದಾಗ ಹಾಸನದಲ್ಲಿ ಪಟಾಕಿ ಹೊಡೆದವರಲ್ಲಿ ಎಷ್ಟು ಜನ ಮಲ್ಲಿತಮ್ಮನ ಹೆಸರು ಬಲ್ಲರು?

ನರಸಿಂಹಾಚಾರ್ಯರು ಗುಡಿ ಗುಡಿ ಸುತ್ತುತ್ತಿದ್ದ ಹೊತ್ತಿಗೇ ಚರಿತ್ರೆಯ ಬರವಣಿಗೆಯಲ್ಲಿ ಇನ್ನೊಂದು ಅಲೆ ಎದ್ದಿತ್ತು. 1917ರಲ್ಲಿ ಧಾರವಾಡದ ಆಲೂರು ವೆಂಕಟರಾಯರು ಕರ್ನಾಟಕ ಗತವೈಭವ ಪ್ರಕಟಿಸಿದರು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ನಿಮಗೂ ಒಂದು ನಾಡಿತ್ತು, ಸಾಮ್ರಾಜ್ಯಗಳಿದ್ದವು ಎಂದು ಹೇಳಿದ ಪುಸ್ತಕ ಅದು. ಅರಕಲಗೂಡಿನ ಮನೆತನದ ಅ.ನ. ಕೃಷ್ಣರಾಯರು ವಿಜಯನಗರದ ಮೇಲೆ ಕಾದಂಬರಿಗಳ ಸಾಲನ್ನೇ ಬರೆದರು. ನಮ್ಮ ಮನೆಯಲ್ಲಿ ಅಕ್ಷರ ಬಲ್ಲ ಹೆಂಗಸರೆಲ್ಲ ಅವನ್ನು ಓದಿಯೇ ವಿಜಯನಗರವನ್ನು ಕಂಡವರು. ಕೆ.ವಿ. ಅಯ್ಯರ್ ಅವರ ಶಾಂತಲಾ, ಸಿ.ಕೆ. ನಾಗರಾಜರಾಯರ ಪಟ್ಟಮಹಾದೇವಿ ಶಾಂತಲದೇವಿ ಹೊಯ್ಸಳರನ್ನು ಮನೆಮಾತು ಮಾಡಿದವು. ಗುಲಾಮಗಿರಿಯಲ್ಲಿ ಬಗ್ಗಿದ ಬೆನ್ನು ನೆಟ್ಟಗಾಗಲು ಈ ಹೆಮ್ಮೆ ಬೇಕಿತ್ತು. ಅದಿಲ್ಲದೆ 1956ರ ಏಕೀಕರಣವೂ ಆಗುತ್ತಿರಲಿಲ್ಲ.

ಆದರೆ ಹೆಮ್ಮೆಯ ಚರಿತ್ರೆಗೂ ಬ್ರಿಟಿಷರು ಕೊಟ್ಟ ಚೌಕಟ್ಟೇ ಉಳಿದುಕೊಂಡಿತು. ಭಾರತಕ್ಕೆ ಒಮ್ಮೆಯೂ ಕಾಲಿಡದ ಜೇಮ್ಸ್ ಮಿಲ್ 1817ರಲ್ಲಿ ಭಾರತದ ಚರಿತ್ರೆ ಬರೆದು, ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದು ಕತ್ತರಿಸಿಟ್ಟ. ನಮ್ಮ ಪಠ್ಯಪುಸ್ತಕಗಳು ಅವಕ್ಕೆ ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂದು ಹೆಸರು ಬದಲಿಸಿದವು. ಕತ್ತರಿ ಬಿದ್ದ ಜಾಗ ಅದೇ ಆಗಿತ್ತು. ಹುಡುಗರು ಧರ್ಮದ ಲೆಕ್ಕದಲ್ಲೇ ಚರಿತ್ರೆ ಕಲಿತರು.

ಆ ಚೌಕಟ್ಟಿಗೆ ಒಗ್ಗದ ಕಲ್ಲೊಂದು ಬೆಳಗೊಳದಲ್ಲೇ ಇದೆ. 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ಅರಸನಲ್ಲಿ ದೂರು ಕೊಂಡೊಯ್ದರು. ಅರಸ ಎರಡೂ ಕಡೆಯ ದೊಡ್ಡವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲ ಎಂದು ತೀರ್ಪು ಕೊಟ್ಟ. ಬೆಳಗೊಳದ ದೇವರ ಕಾವಲಿಗೆ 20 ಜನರನ್ನು ನೇಮಿಸಬೇಕು. ಅದಕ್ಕಾಗಿ ರಾಜ್ಯದ ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು. ಅದನ್ನು ಎತ್ತುವವನು ತಿರುಮಲೆಯ ತಾತಯ್ಯ, ಅಂದರೆ ಒಬ್ಬ ವೈಷ್ಣವ. ಮಿಕ್ಕ ಹಣದಲ್ಲಿ ಹಾಳುಬಿದ್ದ ಬಸದಿಗಳ ದುರಸ್ತಿ ಆಗಬೇಕು. ಮಾತು ಮುರಿದವನಿಗೆ ಶಾಪ.

ವೇದಿಕೆಯ ಭಾಷಣಗಳಲ್ಲಿ ಈ ಶಾಸನ ಸರ್ವಧರ್ಮ ಸಮನ್ವಯಕ್ಕೆ ಸಾಕ್ಷಿಯಾಗಿ ಬರುತ್ತದೆ. ಸರಿಯೇ. ಆದರೆ ಜಗಳವಾಗಿತ್ತು ಎಂಬ ಮೊದಲ ಭಾಗವನ್ನು ಭಾಷಣಕಾರರು ನುಂಗಿಬಿಡುತ್ತಾರೆ. ನಮ್ಮ ನಾಡಿನಲ್ಲಿ ಮತಮತಗಳ ಹೊಡೆದಾಟವೇ ಇತ್ತೆಂದು ಸಾಧಿಸುವವರು ಮೊದಲ ಭಾಗ ಓದಿ ತೀರ್ಪನ್ನು ಬಿಡುತ್ತಾರೆ. ನಾನು ಕ್ಲಾಸಿನಲ್ಲಿ ಹುಡುಗರಿಗೆ ಇಡೀ ಶಾಸನ ಓದಿ ಹೇಳಿದಾಗ ಒಬ್ಬ ಹುಡುಗಿ, 'ಸಾ, ರಾಜ ತೀರ್ಮಾನ ಹೇಳಿದ್ರೂ ಕಾವಲಿಗೆ ದುಡ್ಡು ಕೊಡೋರು ಜೈನರೇ ಯಾಕೆ?' ಎಂದು ಕೇಳಿದಳು. ಆ ಪ್ರಶ್ನೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಚರಿತ್ರೆ ನಮ್ಮದಾಗುವುದು ಇಂಥ ಪ್ರಶ್ನೆಯಿಂದ.

ನಮ್ಮದು, ಪರರದು ಎಂಬ ಗೆರೆ ಎಲ್ಲಿ ಎಳೆಯುವುದು ಎಂಬ ಕಷ್ಟವನ್ನು ಅರಕಲಗೂಡು ಚೆನ್ನಾಗಿ ಕಲಿಸುತ್ತದೆ. 11ನೇ ಶತಮಾನದಲ್ಲಿ ಈ ಸೀಮೆಯೂ ಕೊಡಗಿನ ಉತ್ತರ ಭಾಗವೂ ಕೊಂಗಾಳ್ವರ ಕೈಯಲ್ಲಿದ್ದವು. ಚೋಳ ರಾಜರಾಜನ ಕಾಲದಲ್ಲಿ ಪಟ್ಟ ಪಡೆದ ಮನೆತನ ಅದು. ಹೊಯ್ಸಳರು ಬೆಳೆದಂತೆ ಅಳಿಯಿತು. ದೇಶದ ಚರಿತ್ರೆಯಲ್ಲಿ ಅವರಿಗೆ ಅರ್ಧ ಸಾಲೂ ಇಲ್ಲ. ಅರಕಲಗೂಡು ಪೇಟೆ ಕಟ್ಟಿಸಿದವನು ಬಲಂ-ಐಗೂರು ಪಾಳೆಯಗಾರರ ಕೃಷ್ಣಪ್ಪ ನಾಯಕ, 1568ರಲ್ಲಿ. 1647ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಅದನ್ನು ಹಿಡಿದರು. ಆಮೇಲೆ ಕೆಳದಿಯ ಶಿವಪ್ಪ ನಾಯಕ ಕಸಿದುಕೊಂಡ. ಕೊನೆಗೆ 1694ರಲ್ಲಿ ಚಿಕ್ಕದೇವರಾಜ ಒಡೆಯರು ಗೆದ್ದು ಮೈಸೂರಿಗೆ ಸೇರಿಸಿದರು. ಚನ್ನರಾಯಪಟ್ಟಣದ್ದೂ ಇದೇ ಕತೆ. ಕೊಳತೂರು ಎಂಬ ಹಳ್ಳಿಯನ್ನು 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಕಿತ್ತುಕೊಂಡು, ದೇವರ ಹೆಸರಿಟ್ಟಿದ್ದ ಮಗ ಚನ್ನರಾಯನಿಗೆ ಕೊಟ್ಟ. ಊರಿಗೂ ಅದೇ ಹೆಸರಾಯಿತು. ಅದನ್ನೂ ಮೈಸೂರು ನುಂಗಿತು. ಹಾಗಾದರೆ ಅರಕಲಗೂಡಿನ ರೈತನಿಗೆ ಪರಕೀಯ ಯಾರು? ಚೋಳನೋ, ಕೆಳದಿಯವನೋ, ಮೈಸೂರಿನ ಒಡೆಯನೋ, ಕಲ್ಕತ್ತೆಯ ಕಂಪನಿಯೋ? ನಾಲ್ವರೂ ಕಂದಾಯ ಎತ್ತಿದವರೇ.

ಅದೇ ಬಲಂ ಮನೆತನದ ಕೊನೆ ಇನ್ನೂ ಕಟು. ಟಿಪ್ಪು ಬಿದ್ದ ಮೇಲೆ ವೆಂಕಟಾದ್ರಿ ನಾಯಕ ಮಲೆನಾಡಿನ ಕಾಡುಗಳಲ್ಲಿ ನಿಂತು ಕಂಪನಿಗೂ ಮೈಸೂರಿಗೂ ತಲೆಬಾಗಲಿಲ್ಲ. ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ದಂಡನಾಯಕ, 1802ರ ಜನವರಿಯಲ್ಲಿ ಅವನ ಮೇಲೆ ನುಗ್ಗಿದ. ನಾಯಕ ಸಿಕ್ಕಿಬಿದ್ದ, ಗಲ್ಲಿಗೇರಿಸಿದರು. ಆಗ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು ವೆಲ್ಲೆಸ್ಲಿಯ ಕಡೆಯವರು. ಬ್ರಿಟಿಷರ ಕಾಗದಗಳಲ್ಲಿ ನಾಯಕ ಬಂಡಾಯಗಾರ. ಈಚಿನ ಭಾಷಣಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರ. ನನಗೆ ಎರಡೂ ಸಾಲದು. ಕಾಡು ದಾರಿಗಳ ಮೇಲೆ ಹಿಡಿತವಿದ್ದ, ಪಾಳೆಯಪಟ್ಟು ಉಳಿಸಿಕೊಳ್ಳಲು ಹೋರಾಡಿದ ನಾಯಕ ಅವನು. ಅವನ ಹಿಂದೆ ಕಾಡಿಗೆ ಹೋದ ಒಕ್ಕಲುಗಳು ಯಾರು, ಅವರಿಗೇನು ಬೇಕಿತ್ತು, ನಾಯಕ ಸತ್ತ ಮೇಲೆ ಅವರ ಜಮೀನು ಏನಾಯಿತು ಎಂಬಲ್ಲಿಂದ ಚರಿತ್ರೆ ಶುರುವಾಗಬೇಕು.

ಬೇರೆ ದೇಶಗಳೂ ಇದೇ ಗಂಟನ್ನು ಬಿಚ್ಚಲು ಹೆಣಗಿವೆ. ಡಚ್ಚರಿಂದ ಬಿಡುಗಡೆಯಾದ ಇಂಡೋನೇಷ್ಯಾದಲ್ಲಿ ದೇಶದ ಚರಿತ್ರೆಯನ್ನು ಹೇಗೆ ಬರೆಯಬೇಕೆಂದು 1957ರಲ್ಲಿ ಯೋಗ್ಯಕರ್ತದಲ್ಲಿ ವಿದ್ವಾಂಸರು ಸೇರಿ ಚರ್ಚಿಸಿದರು. ಮುಂದೆ ಸಾರ್ತೋನೋ ಕಾರ್ತೋದಿರ್ಜೋ ಎಂಬವರು 1888ರ ಬಾಂತೆನ್ ರೈತ ದಂಗೆಯ ಮೇಲೆ ಪುಸ್ತಕ ಬರೆದು, ರಾಜರನ್ನೂ ಗವರ್ನರುಗಳನ್ನೂ ಪಕ್ಕಕ್ಕಿಟ್ಟು ಹಳ್ಳಿಯ ರೈತರನ್ನೂ ಧರ್ಮಗುರುಗಳನ್ನೂ ನಡುವೆ ತಂದರು. ನೈಜೀರಿಯಾದಲ್ಲಿ ಕೆನೆತ್ ಡೈಕೆ 1956ರಲ್ಲಿ ನೈಜರ್ ನದೀಮುಖಜ ಭೂಮಿಯ ವ್ಯಾಪಾರದ ಚರಿತ್ರೆ ಬರೆದಾಗ ಆಫ್ರಿಕನ್ ವರ್ತಕರೂ ದೊರೆಗಳೂ ಅದರ ಕರ್ತೃಗಳಾದರು. ಅದಕ್ಕೂ ಮುಂಚೆ ಅವರು ಕಚೇರಿಗಳಲ್ಲಿ ಕೊಳೆಯುತ್ತಿದ್ದ ದಾಖಲೆಗಳನ್ನು ಹುಡುಕಿ, ಪತ್ರಾಗಾರ ಕಟ್ಟುವ ಕೆಲಸಕ್ಕೆ ಕೈಹಾಕಿದ್ದರು. ಬರೆಯುವುದಕ್ಕೆ ಮೊದಲು ಕಾಗದ ಉಳಿಸಬೇಕು ಎಂದು ಅವರಿಗೆ ಗೊತ್ತಿತ್ತು.

ನಮ್ಮಲ್ಲಿ ಆ ತಿರುವು ತಂದವರಲ್ಲಿ ಎಂ. ಚಿದಾನಂದಮೂರ್ತಿ ಮುಖ್ಯರು. ಅವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ 1966ರಲ್ಲಿ ಪ್ರಕಟವಾಯಿತು. ಯಾವ ರಾಜ ಯಾವ ವರ್ಷ ಆಳಿದ ಎಂದು ತಿಳಿಯಲು ಮಾತ್ರ ಬಳಕೆಯಾಗುತ್ತಿದ್ದ ಕಲ್ಲುಗಳಲ್ಲಿ ಜನರ ನಂಬಿಕೆ, ಸಾವು, ಆತ್ಮಬಲಿ, ಅಗ್ರಹಾರ, ವಿದ್ಯೆಗಳನ್ನು ಅವರು ಹುಡುಕಿದರು. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಕನ್ನಡದ ಕಾಲವನ್ನು ಸುಮಾರು ಕ್ರಿ.ಶ. 450ಕ್ಕೆ ಒಯ್ದಿತ್ತು. ಅದು ಹೆಮ್ಮೆಯ ಸಂಗತಿ. ಆ ಕಲ್ಲಿನಲ್ಲಿ ಯುದ್ಧದಲ್ಲಿ ಹೋರಾಡಿದವನಿಗೆ ಕೊಟ್ಟ ಭೂಮಿಯ ವಿವರವೂ ಇದೆ ಎಂಬುದನ್ನು ಹೆಮ್ಮೆಯ ಭರದಲ್ಲಿ ಮರೆಯುತ್ತೇವೆ.

ಎಪ್ಪತ್ತರ ದಶಕದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯಾದ ಹೊಸ ಆವೃತ್ತಿಗೆ ಕೈಹಾಕಿದಾಗ ಅದರ ಜನ ಮತ್ತೆ ಊರೂರು ತಿರುಗಿದರು. ಪಡಿಯಚ್ಚು ತೆಗೆಯುವುದನ್ನು ನಾನು ಹತ್ತಿರದಿಂದ ನೋಡಿದ್ದು ಆಗ. ಮೊದಲು ಕಲ್ಲಿನ ಪಾಚಿ, ಎಣ್ಣೆಯ ಜಿಡ್ಡು, ಅರಿಸಿನ-ಕುಂಕುಮ ಎಲ್ಲ ಉಜ್ಜಿ ತೊಳೆದರು. ನೆನೆಸಿದ ಕಾಗದವನ್ನು ಕಲ್ಲಿಗೆ ಹಾಸಿ, ಗಟ್ಟಿ ಬ್ರಷ್ಷಿನಿಂದ ಒಂದೇ ಸಮ ಬಡಿದರು. ಕಾಗದ ಅಕ್ಷರದ ಗುಳಿಗಳೊಳಗೆ ಇಳಿಯಿತು. ಅರೆಬರೆ ಒಣಗುವಾಗ ಕಪ್ಪು ಶಾಯಿಯ ಉಂಡೆಯನ್ನು ಮೇಲೆ ತಟ್ಟುತ್ತ ಬಂದರು. ಉಬ್ಬಿದ ಕಡೆಯೆಲ್ಲ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಎದ್ದು ನಿಂತವು. ಸುತ್ತ ನೆರೆದವರಿಗೆ ಒಂದೇ ಕುತೂಹಲ: 'ನಿಧಿ ಎಲ್ಲಿದೆ ಅಂತ ಬರೆದದೆ, ಸ್ವಾಮಿ?' ಓದಿ ಹೇಳಿದಾಗ ಅದು ಕೆರೆ ಕಟ್ಟಿಸಿ, ಅದರ ಕೆಳಗಿನ ಗದ್ದೆ ಬಿಟ್ಟ ಲೆಕ್ಕ. ಜನ ನಿರಾಸೆಯಿಂದ ಚದುರಿದರು. ಒಬ್ಬ ಮುದುಕ ಮಾತ್ರ ನಿಂತು, ತೂಬಿನ ಹೆಸರೇನೆಂದು ಮತ್ತೆ ಓದಿಸಿಕೊಂಡ. ಅದೇ ಹೆಸರಿನಿಂದ ಆ ತೂಬನ್ನು ಅವನ ಮನೆಯವರು ಇನ್ನೂ ಕರೆಯುತ್ತಿದ್ದರು.

ಕಲ್ಲಿನ ಜೊತೆಗೆ ಕಾಗದ. ನಮ್ಮ ತಾತ ಹೊಳೆನರಸೀಪುರ ತಾಲೂಕಿನ ಒಂದು ಹಳ್ಳಿಯ ಶಾನುಭೋಗರು. ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಅವರ ಕೆಲಸ ಹೋಯಿತು. ಅದು ಆಗಬೇಕಾದ್ದೇ, ಅಕ್ಷರವನ್ನು ಒಂದು ಮನೆತನದ ಸೊತ್ತು ಮಾಡಿಕೊಂಡಿದ್ದ ಪದ್ಧತಿ ಅದು. ಹಳೆಯ ಲೆಕ್ಕಗಳು ಮಾತ್ರ ಅಟ್ಟದ ಮೇಲೆ ಉಳಿದವು. ಅವುಗಳಲ್ಲಿ ಮುತ್ತಾತನ ಕಾಲದ ಒಂದು ಕಡತವೂ ಇತ್ತು: ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕರ್ರಗೆ ಮಾಡಿದ ಬಟ್ಟೆ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಲ್ಲಿ ಮೋಡಿ ಅಕ್ಷರದಲ್ಲಿ ಬರೆದದ್ದು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲೇ ಇಂಥ ಕಡತವನ್ನು ವರ್ಣಿಸಿದ್ದಾನೆ. ನಮ್ಮ ಕಡತದಲ್ಲಿ ತರಿ, ಖುಷ್ಕಿ, ಬಾಗಾಯ್ತಿನ ಲೆಕ್ಕ, ಕುಳವಾರು ಬಾಕಿ, ನೀರುಗಂಟಿಯ ಉಂಬಳಿ. ತೋಟಿ-ತಳವಾರರ ಹೆಸರು ಉಂಬಳಿಯ ಕಾರಣಕ್ಕೆ ಬರುತ್ತದೆ. ಅವರ ಕೇರಿಯ ಉಳಿದವರು ಬರುವುದಿಲ್ಲ. ಕೂಲಿಗೆ ದುಡಿದವರಿಲ್ಲ. ಗಂಡ ಸತ್ತು ಮೈನರ್ ಮಗನ ಪರವಾಗಿ ಕಂದಾಯ ಕಟ್ಟಿದರೆ ಮಾತ್ರ ಹೆಂಗಸು ಕಾಣುತ್ತಾಳೆ. ಹೊರಗಿನವರು ನಮ್ಮ ಬಗ್ಗೆ ಬರೆದದ್ದರಲ್ಲಿ ಲೋಪ ಹುಡುಕುವವರು, ನಮ್ಮವರೇ ನಮ್ಮ ಬಗ್ಗೆ ಬರೆದದ್ದನ್ನೂ ಇಷ್ಟೇ ಬಿಗಿಯಾಗಿ ನೋಡಬೇಕು.

ಇದನ್ನು ಕಾದಂಬರಿಕಾರರೊಬ್ಬರು ಇತಿಹಾಸಕಾರರಿಗಿಂತ ಮೊದಲೇ ಕಂಡರು. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ ಹುಟ್ಟಿ 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರ ಗೃಹಭಂಗ 1970ರದು. ಅದರ ನಂಜಮ್ಮ ಕೈಲಾಗದ ಗಂಡನ ಬದಲು ತಾನೇ ಶಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ. ಪ್ಲೇಗು, ಬಡತನ, ಜಮೀನಿನ ವ್ಯಾಜ್ಯಗಳ ನಡುವೆ ಸಂಸಾರ ನಡೆಸುತ್ತಾಳೆ. ಆ ಕಾಲದ ನಮ್ಮ ಸೀಮೆಯ ಬದುಕು ಯಾವ ಗೆಜೆಟಿಯರಿನಲ್ಲೂ ಅಷ್ಟು ತುಂಬಿಕೊಂಡಿಲ್ಲ.

ಅದೇ ಭೈರಪ್ಪನವರು 2007ರಲ್ಲಿ ಬರೆದ ಆವರಣ ಚರಿತ್ರೆ ಬರೆಯುವುದರ ಬಗ್ಗೆಯೇ ಇರುವ ಕಾದಂಬರಿ. ರಾಷ್ಟ್ರೀಯ ಏಕತೆಯ ಹೆಸರಿನಲ್ಲಿ ಸತ್ಯ ಮುಚ್ಚಬಾರದು ಎಂದು ಅವರ ಪಟ್ಟು. ಇದು ಸತ್ಯವಲ್ಲ, ಒಂದು ಸಮುದಾಯದ ಮೇಲಿನ ದೋಷಾರೋಪಣೆ ಎಂದು ವಿರೋಧಿಗಳ ಪಟ್ಟು. ಇಡೀ ಕರ್ನಾಟಕ ಎರಡು ಪಾಳೆಯವಾಯಿತು. ಸತ್ಯ ಮುಚ್ಚಬಾರದು ಎಂಬ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಆ ನಿಯಮ ಎಲ್ಲರಿಗೂ ಅನ್ವಯಿಸಬೇಕು. ಒಂದು ಧರ್ಮದ ದೊರೆ ಗುಡಿ ಕೆಡವಿದ್ದನ್ನು ಬರೆದಂತೆ, ನಮ್ಮ ಊರ ಕೆರೆಯ ನೀರನ್ನು ನಮ್ಮವರಿಗೇ ಮುಟ್ಟಗೊಡದಿದ್ದದ್ದನ್ನೂ ಬರೆಯಬೇಕು. ಆ ಜಗಳದಲ್ಲಿ ಕಾಶಿಯ ಹೆಸರು ಕೇಳಿಬಂತು, ಹಂಪಿಯ ಹೆಸರು ಕೇಳಿಬಂತು. ಎರಡೂ ಪಾಳೆಯದವರು ತಮ್ಮ ತಮ್ಮ ಊರಿನ ಕಲ್ಲು ಓದಿ ಬಂದು ಮಾತಾಡಿದ್ದು ನನಗೆ ಕಾಣಲಿಲ್ಲ.

ಈಗ ಕೆಲಸ ಹಿಂದಿಗಿಂತ ಸುಲಭ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಎಪಿಗ್ರಾಫಿಯಾದ ಹಳೆಯ ಸಂಪುಟಗಳು ಕಂಪ್ಯೂಟರಿನಲ್ಲಿ ಸಿಗುತ್ತವೆ. ಅಪಾಯವೂ ಹೆಚ್ಚಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಆಯಿಲ್ ಪೇಂಟು ಬೀಳುತ್ತದೆ, ಸಿಮೆಂಟು ಮೆತ್ತುತ್ತದೆ, ಗ್ರಾನೈಟ್ ಹಾಸುವಾಗ ಹಳೆಯ ಚಪ್ಪಡಿ ಮಗುಚಿಬೀಳುತ್ತದೆ. ನಿಧಿಯಾಸೆಗೆ ಕಲ್ಲನ್ನೇ ಕಿತ್ತು ಅಗೆದ ಜಾಗಗಳನ್ನು ನಾನು ಕಂಡಿದ್ದೇನೆ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಊರಿನ ಕಲ್ಲಿಗೆ ಎಪಿಗ್ರಾಫಿಯಾದಲ್ಲಿ ಯಾವ ನಂಬರಿದೆ ಎಂದು ಹುಡುಕಿ, ಅದರ ಪಾಠವನ್ನು ಬರೆದು ಶಾಲೆಯ ಗೋಡೆಗೆ ಹಾಕಿ. ನಂಬರಿಲ್ಲದ ಕಲ್ಲು ಕಂಡರೆ ಫೋಟೋ ತೆಗೆದು ಪುರಾತತ್ವ ಇಲಾಖೆಗೋ ವಿಶ್ವವಿದ್ಯಾನಿಲಯಕ್ಕೋ ಕಳಿಸಿ. ಗುಡಿ ರಿಪೇರಿಯಾಗುವಾಗ ಒಬ್ಬರಾದರೂ ಹೋಗಿ ನಿಲ್ಲಿ. ಅಟ್ಟದ ಮೇಲಿನ ಲೆಕ್ಕದ ಪುಸ್ತಕ, ಕಡತ, ಕೋರ್ಟಿನ ಹಳೆಯ ಕಾಗದಗಳನ್ನು ಒಲೆಗೂ ಗುಜರಿಗೂ ಹಾಕಬೇಡಿ. ಕಾಗದದಲ್ಲಿ ಹೆಸರಿಲ್ಲದ ಕೇರಿಗಳ ಹಿರಿಯರು ಬದುಕಿರುವಾಗಲೇ ಅವರ ಮಾತು ಕೇಳಿ ಬರೆದಿಟ್ಟುಕೊಳ್ಳಿ. ಬರೆದದ್ದು ನಿಮ್ಮ ಮನೆತನಕ್ಕೆ, ಜಾತಿಗೆ, ಊರಿಗೆ ಮುಜುಗರ ತಂದರೂ ಆ ಸಾಲನ್ನು ಹೊಡೆದುಹಾಕಬೇಡಿ.